ಸುಮ್ಮನಿರಬಲ್ಲ ಪಿಕ್ಸೆಲ್

ಚಿರಂಜೀವಿ ಪುಟ್ಟಿಗೆ ಆಶೀರ್ವಾದಗಳು.

ನರವ್ಯೂಹದ ರೀತಿಯಲ್ಲಿ ಕೆಲಸ ಮಾಡುವ ನ್ಯೂರೋಮಾರ್ಫಿಕ್ ಚಿಪ್‌ಗಳ ಸಂಶೋಧನೆಗೆ ಸೇರುತ್ತಿರುವ ಸುದ್ದಿ ಓದಿ ಹಿಗ್ಗಿದೆ. ಆದರೆ ಅದೇ ಪತ್ರದ ಕೊನೆಯಲ್ಲಿ, ಸಮಯ ಸಾಲದೆಂದು ಜೀವಶಾಸ್ತ್ರದ ತರಗತಿ ಬಿಡುತ್ತೇನೆ ಎಂದಿದ್ದೀಯಲ್ಲ, ಅದಕ್ಕೇ ಈ ಅವಸರದ ಉತ್ತರ. ಬಿಡಬೇಡ.

ನ್ಯೂರೋಮಾರ್ಫಿಕ್ ಎಂಬ ಹೆಸರನ್ನು ಬಳಕೆಗೆ ತಂದ ಕಾರ್ವರ್ ಮೀಡ್ ಅವರ ಜೊತೆ ಸಿಲಿಕಾನ್ ಅಕ್ಷಿಪಟಲವನ್ನು ಕಟ್ಟಿದ ಮಿಶಾ ಮಹೋವಾಲ್ಡ್ ಮೊದಲು ಓದಿದ್ದು ಜೀವಶಾಸ್ತ್ರವನ್ನೇ. ಸಾಮಾನ್ಯ ಕ್ಯಾಮೆರಾ ಬರಿಯ ಗೋಡೆಯನ್ನೂ ಸೆಕೆಂಡಿಗೆ 30 ಸಲ ಶ್ರದ್ಧೆಯಿಂದ ವರದಿ ಮಾಡುತ್ತದೆ. ಕಣ್ಣಿಗೆ ಅಂಥ ಗುಮಾಸ್ತಗಿರಿ ಇಲ್ಲ. ಅವರ ದಾರಿಯಲ್ಲೇ ಮುಂದೆ ಬಂದ ಈವೆಂಟ್ ಕ್ಯಾಮೆರಾದಲ್ಲಿ ಪ್ರತಿ ಪಿಕ್ಸೆಲ್ಲೂ ತನ್ನ ಪಾಡಿಗೆ ಸುಮ್ಮನಿರುತ್ತದೆ. ಬೆಳಕು ಸಾಕಷ್ಟು ಏರಿದಾಗ ಅಥವಾ ಇಳಿದಾಗ ಮಾತ್ರ ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಒಂದು ಮಿಡಿತ ಕಳಿಸುತ್ತದೆ. ಆ ಏರಿಳಿತವನ್ನು ಅಳೆಯುವುದು ಅನುಪಾತದಲ್ಲಿ. ಹಾಗಾಗಿ ಮಬ್ಬುಗತ್ತಲೂ ಸುಡುಬಿಸಿಲೂ ಒಂದೇ ನೋಟದಲ್ಲಿದ್ದರೂ ಅದು ತಬ್ಬಿಬ್ಬಾಗದು.

ಇದರ ಹಿಂದಿನ ಗುಟ್ಟು ನನಗೆ ಈಗಲೂ ರೋಮಾಂಚನ ತರುತ್ತದೆ. ಪೂರ್ತಿ ತೆರೆದುಕೊಳ್ಳದ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತು ವೋಲ್ಟೇಜಿನೊಂದಿಗೆ ಘಾತೀಯವಾಗಿ ಏರುತ್ತದೆ. ನರಕೋಶದ ಪೊರೆಯ ಅಯಾನು ದ್ವಾರಗಳಲ್ಲೂ ಅಂಥದೇ ಏರಿಕೆ ಕಾಣುತ್ತದೆ. ಡಿಜಿಟಲ್ ವಿನ್ಯಾಸದಲ್ಲಿ ಮುಳುಗಿದ್ದ ನನ್ನಂಥವರು ಸೋರಿಕೆಯೆಂದು ಬೈದು ಬದಿಗಿಟ್ಟದ್ದರಲ್ಲಿ ಮೀಡ್ ನರಗಳ ಗಣಿತವನ್ನು ಕಂಡರು.

ಸಂಖ್ಯೆಗಳಿಗೆ ಮರುಳಾಗಬೇಡ. 2014ರ ಐಬಿಎಂ ಕಂಪನಿಯ ಟ್ರೂನಾರ್ತ್ ಚಿಪ್‌ನಲ್ಲಿ 10 ಲಕ್ಷ ಕೃತಕ ನರಕೋಶಗಳಿದ್ದವು, ಬಳಸುತ್ತಿದ್ದದ್ದು ಸುಮಾರು 70 ಮಿಲಿವ್ಯಾಟ್. 2024ರಲ್ಲಿ ಇಂಟೆಲ್ ಅಂಥ ಹಲವು ಚಿಪ್ ಸೇರಿಸಿ ಕಟ್ಟಿದ ಹಾಲಾ ಪಾಯಿಂಟ್ ಯಂತ್ರ 115 ಕೋಟಿಗೆ ಏರಿತು. ನಮ್ಮ ತಲೆಯೊಳಗೆ ಸುಮಾರು 8,600 ಕೋಟಿ ಇವೆ, ಖರ್ಚು 20 ವ್ಯಾಟ್ ಆಸುಪಾಸು. ಲೆಕ್ಕ ಸೊಗಸಾಗಿದೆ, ಆದರೆ ಉಳಿತಾಯ ಬರುವುದು ಎಣಿಕೆಯಿಂದಲ್ಲ. ನೆನಪನ್ನು ಲೆಕ್ಕಾಚಾರದ ಪಕ್ಕದಲ್ಲೇ ಇಟ್ಟು, ದತ್ತಾಂಶದ ಓಡಾಟವನ್ನು ತಗ್ಗಿಸುವುದರಿಂದ ಬರುತ್ತದೆ. ಹೇಳಲು ಏನೂ ಇಲ್ಲದಾಗ ಸುಮ್ಮನಿರುವುದರಿಂದ ಬರುತ್ತದೆ. ಗಾಳಿಗೆ ಮರದ ಎಲೆಗಳೆಲ್ಲ ಅಲುಗಲಿ, ಪಿಕ್ಸೆಲ್‌ಗಳೆಲ್ಲ ಒಟ್ಟಿಗೆ ಕೂಗತೊಡಗುತ್ತವೆ, ಉಳಿತಾಯ ಕರಗುತ್ತದೆ. ನಿನ್ನ ಪ್ರಯೋಗಕ್ಕೆ ಅಂಥ ದೃಶ್ಯವನ್ನೇ ಮೊದಲು ಆರಿಸಿಕೋ. ಸೋಲು ಬೇಗ ತಿಳಿಯುತ್ತದೆ.

ಯಾರಾದರೂ ‘ಇದು ತಾನೇ ಹೊಂದಿಕೊಳ್ಳುತ್ತದೆ’ ಎಂದರೆ, ನರಕೋಶಗಳನ್ನು ಬೆಸೆಯುವ ಸಿನಾಪ್ಸ್‌ಗಳ ತೂಕ ಬದಲಾಗುವುದು ಎಲ್ಲಿ ಎಂದು ಕೇಳು. ಟ್ರೂನಾರ್ತ್ ಹೊರಗೆ ಕಲಿತದ್ದನ್ನು ಒಪ್ಪಿಸುತ್ತಿತ್ತು, ಅಷ್ಟೇ. 2017ರ ಇಂಟೆಲ್ ಚಿಪ್ ಲೋಯಿಹಿ ತನ್ನೊಳಗೇ ಕಲಿಯಬಲ್ಲದಾಗಿತ್ತು. ಎರಡರ ನಡುವಿನ ಅಂತರ ಸಣ್ಣದಲ್ಲ. ಹರಿದ ವಿದ್ಯುತ್ತಿನ ನೆನಪಿಟ್ಟುಕೊಳ್ಳುವ ಬಿಡಿಭಾಗಗಳಾದ ಮೆಮ್ರಿಸ್ಟರ್‌ಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ; ಅವು ಒಂದರಂತೆ ಒಂದು ಇರುವುದಿಲ್ಲ, ಅದೇ ಒಂದು ದೊಡ್ಡ ಕಥೆ.

ನನ್ನ ಹಳೆಯ ಆಸಿಲೋಸ್ಕೋಪನ್ನು ಬೇರೆಯಾಗಿ ಕಳಿಸುತ್ತಿದ್ದೇನೆ. ಎರಡನೆಯ ಚಾನೆಲ್ ಆಗಾಗ ತೊದಲುತ್ತದೆ, ಮೆಲ್ಲಗೆ ತಟ್ಟಿದರೆ ಸರಿಹೋಗುತ್ತದೆ.

ಇತಿ,
ನಿನ್ನ ದೊಡ್ಡಪ್ಪ