ಮರೆಯುವುದೂ ಒಂದು ಕೆಲಸ

ಪ್ರೀತಿಯ ಮೇಘಾ,

ಮೊನ್ನೆ ಫೋನಿನಲ್ಲಿ ನೀನು "ಮರೆಯಬೇಕೆಂದಷ್ಟೂ ಹೆಚ್ಚು ನೆನಪಾಗುತ್ತದೆ ದೊಡ್ಡಮ್ಮಾ" ಎಂದಾಗ ನಾನು "ಬಿಟ್ಟುಬಿಡು" ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನಗೇ ನಾಚಿಕೆಯಾಯಿತು. ಅಷ್ಟು ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವಳು ಕೊಡುವ ಉತ್ತರವೇ ಅದು? ತುಂಬಿದ ಸಭೆಯಲ್ಲಿ ನಾಲಿಗೆ ಒಣಗಿ, ಭಾಷಣ ಅರ್ಧಕ್ಕೇ ಬಿಟ್ಟು ನೀನು ಇಳಿದು ಬಂದು ಆರು ತಿಂಗಳಾಯಿತು. ಈಗಲೂ ದಿನಕ್ಕೆ ನಾಲ್ಕು ಸಲ ಅದೇ ವೇದಿಕೆ ಹತ್ತಿ ಇಳಿಯುತ್ತಿದ್ದೀಯೆ.

ನಿನ್ನ ದೂರು ಸುಳ್ಳಲ್ಲ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಮೊಳಗಿತು. ಆಮೇಲೆ "ಈಗ ಯೋಚಿಸಬಹುದು" ಎಂದಾಗ, ಮೊದಲೇ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ಕರಡಿ ಬಂತೇ ಎಂದು ಕಾಯುವ ಕಾವಲುಗಾರನಿಗೆ ಕರಡಿಯ ಗುರುತು ಗೊತ್ತಿರಲೇಬೇಕಲ್ಲ!

ಇಷ್ಟನ್ನೇ ಓದಿದವರು, ಮನಸ್ಸಿಗೆ ತಡೆಯೊಡ್ಡಲು ಆಗದೆಂದು ತೀರ್ಪು ಕೊಟ್ಟುಬಿಡುತ್ತಾರೆ. ನಾನೂ ಬಹಳ ಕಾಲ ತರಗತಿಯಲ್ಲಿ ಹಾಗೆಯೇ ಹೇಳಿದವಳು. ಆದರೆ 2001ರಲ್ಲಿ ಮೈಕೆಲ್ ಆಂಡರ್ಸನ್ ಮತ್ತು ಕಾಲಿನ್ ಗ್ರೀನ್ ಬೇರೆ ದಾರಿ ಹಿಡಿದರು. ಜೋಡಿಪದಗಳನ್ನು ಕಲಿಸಿ, ಆಮೇಲೆ ಮೊದಲ ಪದವನ್ನಷ್ಟೇ ತೋರಿಸಿದರು. ಕೆಲವಕ್ಕೆ ಜೋಡಿಯನ್ನು ನೆನೆಯಬೇಕು. ಕೆಲವಕ್ಕೆ, ಎದುರಿನ ಪದದಿಂದ ಕಣ್ಣು ತೆಗೆಯದೆ, ಜೋಡಿ ಮನಸ್ಸಿಗೆ ಬಾರದಂತೆ ತಡೆಯಬೇಕು. 16 ಸಲ ತಡೆದ ಪದಗಳು ಕೊನೆಯಲ್ಲಿ, ನಡುವೆ ಮುಟ್ಟದೇ ಬಿಟ್ಟ ಪದಗಳಿಗಿಂತಲೂ ಕಡಿಮೆ ನೆನಪಾದವು. ವ್ಯತ್ಯಾಸ ಭಾರಿಯೇನಲ್ಲ, ಮುಂದೆ ಇದನ್ನೇ ಮಾಡಿ ನೋಡಿದ ಕೆಲವರಿಗೆ ಅದು ಕಾಣಿಸಲೂ ಇಲ್ಲ. ಆದರೂ 2004ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿದಾಗ, ತಡೆಯುವ ಹೊತ್ತಿಗೆ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಚುರುಕಾಗಿ, ನೆನಪನ್ನು ಹೊರತೆಗೆಯುವ ಹಿಪೊಕ್ಯಾಂಪಸ್ ತಣ್ಣಗಾದದ್ದು ಕಂಡಿತು. ರಸ್ತೆ ದಾಟಲು ಎತ್ತಿದ ಕಾಲನ್ನು ಹಾರ್ನ್ ಕೇಳಿದೊಡನೆ ತಡೆಯುತ್ತೇವಲ್ಲ, ಅದೇ ಬಗೆ.

ಕರಡಿಯ ಆಟಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸು. ಅಲ್ಲಿ ಐದು ನಿಮಿಷವೂ ಕಾವಲು. ಇಲ್ಲಿ ಸುಳಿವು ಎದುರಾದ ಕೆಲವು ಕ್ಷಣ ಮಾತ್ರ, ಅದೂ ಸುಳಿವಿಗೆ ಬೆನ್ನು ತಿರುಗಿಸದೆ. ನೀನು ಮಾಡುತ್ತಿರುವುದು ಇದರ ತಿರುಗುಮುರುಗು: ಮೈಕ್ ಇರುವ ಕಡೆ ಕಾಲಿಡುವುದಿಲ್ಲ, ಮನೆಯಲ್ಲಿ ಕುಳಿತು ಇಡೀ ದಿನ ಕಾವಲು ಕಾಯುತ್ತೀಯೆ.

ನನ್ನದೂ ಒಂದಿದೆ, ನಿನ್ನ ಅಮ್ಮನಿಗೂ ಹೇಳಿಲ್ಲ. ಕಾಪಿ ಮಾಡಿದ್ದಾಳೆಂದು ಒಬ್ಬ ವಿದ್ಯಾರ್ಥಿನಿಯನ್ನು ತರಗತಿಯ ಎದುರು ಗದರಿದ್ದೆ; ಅವಳು ಮಾಡಿರಲಿಲ್ಲ. ಕೈ ತೊಳೆಯಲು ನಲ್ಲಿ ತಿರುಗಿಸಿದರೆ ಸಾಕು, ಯಾಕೆ ಹಾಗೋ, ಅವಳ ಮುಖ ಬರುತ್ತಿತ್ತು, ನಾನು ಗಟ್ಟಿಯಾಗಿ "ಛೆ" ಎನ್ನುತ್ತಿದ್ದೆ. ನಿನ್ನ ದೊಡ್ಡಪ್ಪ ಒಳಗಿನಿಂದ "ಏನಾಯಿತು?" ಎಂದು ಕೇಳುವರು. ಮೊದಲು ಅವಳನ್ನು ಹುಡುಕಿ ಕ್ಷಮೆ ಕೇಳಿದೆ. ಬಾಕಿ ಉಳಿದ ಕೆಲಸವನ್ನು ಮಾಡದೆ ಮರೆಯಲು ಹೊರಡುವುದು ಸಾಲ ಕೊಟ್ಟವನನ್ನು ಕಂಡು ಅಡಗಿಕೊಂಡಂತೆ. ಆಮೇಲೆ, ನಲ್ಲಿ ತಿರುಗಿಸಿ, ನೀರನ್ನೇ ನೋಡುತ್ತ, ಆ ಮುಖ ಮೂಡತೊಡಗಿದ ಗಳಿಗೆಯಲ್ಲೇ ಅದನ್ನು ಅಲ್ಲಿಗೇ ನಿಲ್ಲಿಸಲು ಕಲಿತೆ. ಬೇರೆ ಯೋಚನೆಯನ್ನು ಎಳೆದು ತರಲಿಲ್ಲ. ಎಷ್ಟೋ ಸಲ ಸೋತೆ. ಈಗ ನಡೆದದ್ದೆಲ್ಲ ಗೊತ್ತಿದೆ, ಆದರೆ ಅವಳು ಪುಸ್ತಕ ಮುಚ್ಚಿದ ಸದ್ದು ಕಿವಿಗೆ ಬರುವುದಿಲ್ಲ.

2023ರಲ್ಲಿ ಝುಲ್ಕೈದಾ ಮಾಮತ್ ಮತ್ತು ಆಂಡರ್ಸನ್ 16 ದೇಶಗಳ 120 ಜನರಿಗೆ ಮೂರು ದಿನ ಇಂಥದೇ ತರಬೇತಿ ಕೊಟ್ಟು ನೋಡಿದರು. ತಡೆದ ಭಯಗಳು ಮಸುಕಾದವು, ಕರಡಿಯಂತೆ ತಿರುಗಿ ಬೀಳಲಿಲ್ಲ. ಎಲ್ಲರಿಗೂ ಇದು ಸಮನಾಗಿ ಒಗ್ಗುವುದಿಲ್ಲ ನಿಜ. ಹಿಪೊಕ್ಯಾಂಪಸ್‌ನಲ್ಲಿ ಗಾಬಾ ಎಂಬ ಶಮನಕಾರಿ ರಾಸಾಯನಿಕ ಹೆಚ್ಚಿರುವವರು ಚೆನ್ನಾಗಿ ತಡೆಯಬಲ್ಲರೆಂದು 2017ರಲ್ಲಿ ತಿಳಿಯಿತು. ಹಾಗಾಗಿ ಸೋತಾಗ ನಿನ್ನನ್ನು ನೀನೇ ಬೈದುಕೊಳ್ಳಬೇಡ. ನಿದ್ದೆಗೆಟ್ಟ ರಾತ್ರಿ ಎರಡು ಗಂಟೆಗಂತೂ ಈ ಸಾಹಸ ಬೇಡ. ನಿದ್ದೆಯಿಲ್ಲದ ಮೆದುಳಿಗೆ ಬೇಡದ ನೆನಪನ್ನು ತಡೆಯುವ ಶಕ್ತಿ ಕಡಿಮೆ. ಊಟ ನಿದ್ದೆ ಎರಡೂ ಕೆಡುವಷ್ಟು ಕಾಡಿದರೆ ನನ್ನ ಪತ್ರ ಸಾಲದು, ತಜ್ಞರ ಬಳಿಗೆ ಒಟ್ಟಿಗೆ ಹೋಗೋಣ.

ಮುಂದಿನ ತಿಂಗಳ ಸಭೆಗೆ ಬರುವುದಿಲ್ಲವೆಂದು ಬರೆದಿಟ್ಟಿದ್ದೀಯಂತೆ. ಕಳಿಸಿಲ್ಲವಾದರೆ ಎರಡು ದಿನ ತಡೆ. ಭಾನುವಾರ ಬರುತ್ತೇನೆ, ಒಂದು ಖಾಲಿ ಸಭಾಂಗಣ ಹುಡುಕಿಡು. ಭಾಷಣ ಏನೂ ಬೇಡ. ಮೈಕಿನ ಮುಂದೆ ಸುಮ್ಮನೆ ನಿಂತಿರು, ನಾನು ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇನೆ.

ನಿನ್ನ
ದೊಡ್ಡಮ್ಮ