ಮೆಡಿಕಲ್ ಶಾಪಿನ ಅಕ್ಕನಿಗೆ

ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿದ್ದ ಅಕ್ಕಾ, ಅವತ್ತು ನಿಮ್ಮ ಹೆಸರು ಕೇಳಲೇ ಇಲ್ಲ. ಗುಳ್ಳೆಗೆ ಅಂತ ಎರಡು ವರ್ಷದಿಂದ ಮುಖಕ್ಕೆ ಹಚ್ಚುತ್ತಿದ್ದ ಕ್ರೀಮಿನ ಖಾಲಿ ಟ್ಯೂಬ್ ತೋರಿಸಿ ಇನ್ನೊಂದು ಕೇಳಿದ್ದೆ. ನೀವು ಕೊಡಲಿಲ್ಲ. ಟ್ಯೂಬ್ ತಿರುಗಿಸಿ, ಸಣ್ಣ ಅಕ್ಷರದ 'ಬೀಟಾಮೆಥಾಸೋನ್' ಮೇಲೆ ಬೆರಳಿಟ್ಟು, "ಇದು ಸ್ಟೀರಾಯ್ಡ್ ಕಣಮ್ಮ. ಚರ್ಮ ತೆಳ್ಳಗಾಗುತ್ತೆ. ನಿಲ್ಲಿಸಿದ್ರೆ ಮೊದಲು ಜಾಸ್ತಿ ಆಗುತ್ತೆ, ಸುಮ್ನೆ ಚರ್ಮದ ಡಾಕ್ಟರ್ ಹತ್ರ ಹೋಗು" ಅಂದಿರಿ. ಬಂದ ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಎಷ್ಟು ಜನ?

ಹಾಗೇ ಆಯಿತು. ಮೊದಲ ತಿಂಗಳು ಮುಖ ಹಸಿ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯಿತು. ಕನ್ನಡಿ ಮೇಲೆ ಟವೆಲ್ ಹಾಕಿಟ್ಟಿದ್ದೆ. ಉರಿ ಇಳಿದ ಮೇಲೆ ಡಾಕ್ಟರ್ ಗುಳ್ಳೆಗೆ ಹಚ್ಚುವ ಅಡಾಪಲೀನ್ ಅನ್ನೋ ಮುಲಾಮು ಕೊಟ್ಟರು. ರಾತ್ರಿ ಬಟಾಣಿ ಕಾಳಿನಷ್ಟು, ಮೇಲೆ ಮಾಯಿಶ್ಚರೈಸರ್. ಬೆಳಿಗ್ಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್. ಮುಖ ಸರಿಯಾಗೋಕೆ ಮೂರು ತಿಂಗಳು ಹಿಡಿಯಿತು. ನಿಂಬೆರಸ, ಟೂತ್‌ಪೇಸ್ಟ್ ಎಲ್ಲ ಬಂದ್.

ಹಣೆಗೆ ಇಳಿಯುತ್ತಿದ್ದ ಕೊಬ್ಬರಿ ಎಣ್ಣೆ ನೋಡಿ, "ತಲೆಗೆ ಸಾಕು, ಹಣೆಗೆ ಬೇಡ" ಅಂತಲೂ ಅಂದಿದ್ದಿರಿ. ಅಮ್ಮ ಇನ್ನೂ ಒಪ್ಪಿಲ್ಲ. ಹಣೆಯ ಗುಳ್ಳೆ ಮಾತ್ರ ಹೋಗಿದೆ.

ಥ್ಯಾಂಕ್ಸ್ ಅಕ್ಕಾ. ಮುಂದಿನ ಸಲ ಹೆಸರು ಕೇಳುತ್ತೇನೆ.