ಭಾನುವಾರ ಬೇಸ್ ಕೇಳೋಣ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ರಿಂದ 8ರವರೆಗೆ ಗುಂಪಿನಲ್ಲಿ ಬರೀ ಜಾಝ್ ಸಂಗೀತದ ಬೇಸ್ (ತಗ್ಗಿನ ಸ್ವರದ ತಂತಿವಾದ್ಯ), ಫಾರ್ವರ್ಡ್‌ಗಳಿಗೆಲ್ಲ ರಜೆ. ಒಬ್ಬೊಬ್ಬರು ಎರಡು ಲಿಂಕ್ ಹಾಕಿ: ಇಷ್ಟದ ಬೇಸ್ ವಾದನ ಒಂದು, ಎಲ್ಲರಿಗೂ ಗೊತ್ತಿರುವ ಹಾಡನ್ನು ಜಾಝ್‌ನವರು ತಮ್ಮ ರೀತಿಯಲ್ಲಿ ನುಡಿಸಿದ್ದು ಇನ್ನೊಂದು. ಎಷ್ಟನೇ ನಿಮಿಷ ಕೇಳಬೇಕು ಅಂತಲೂ ಬರೆಯಿರಿ, ಸುಮ್ನೆ ಲಿಂಕ್ ಎಸೆದು ಹೋಗಬೇಡಿ.

ನನ್ನವು ಇಲ್ಲಿವೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಸೋ ವಾಟ್’ನಲ್ಲಿ ಮುಖ್ಯ ಧಾಟಿಯನ್ನೇ ಪಾಲ್ ಚೇಂಬರ್ಸ್ ಬೇಸ್‌ನಲ್ಲಿ ನುಡಿಸುತ್ತಾರೆ, ಪಿಯಾನೊ, ಆಮೇಲೆ ಟ್ರಂಪೆಟ್, ಸ್ಯಾಕ್ಸೊಫೋನ್ ಎಲ್ಲ ಅದಕ್ಕೆ ಚುಟುಕಾಗಿ ‘ಹೂಂ’ ಅನ್ನುತ್ತವೆ, ಅಷ್ಟೇ. ಇನ್ನೊಂದು, ಬೀಟಲ್ಸ್‌ನವರ ‘ಬ್ಲ್ಯಾಕ್‌ಬರ್ಡ್’ ಅನ್ನು ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ 1981ರಲ್ಲಿ ನುಡಿಸಿದ್ದು. ಜೊತೆಗಿರುವ ಹಾರ್ಮೋನಿಕಾ ನನಗಂತೂ ಜಾಸ್ತಿ ಇಷ್ಟ.

ಫೋನ್ ಸ್ಪೀಕರ್‌ನಲ್ಲಿ ಬೇಸ್ ಸರಿಯಾಗಿ ಕೇಳಿಸುವುದಿಲ್ಲ ಅಲ್ವಾ, ಇಯರ್‌ಫೋನ್ ಹಾಕಿಕೊಳ್ಳಿ. ಯಾರ್ಯಾರು ಇರುತ್ತೀರಿ, ಶುಕ್ರವಾರದೊಳಗೆ ಹೇಳಿಬಿಡಿ.